ಹಿಂಚಕ್ರಗಳ ಲಾಕ್

ಆ ಬೆಳಿಗ್ಗೆ ತಿಲೆನ್ ಬ್ರಿನಾಳ ಗ್ಯಾರೇಜಿಗೆ ಬರಿಗೈಯಲ್ಲಿ ಬಂದ.

ಬೇರೆ ದಿನಗಳಲ್ಲಿ ಅವನ ಕೈಯಲ್ಲಿ ಏನಾದರೂ ಇರುತ್ತಿತ್ತು. ಬಟ್ಟೆಯಲ್ಲಿ ಸುತ್ತಿದ ಚೀಸ್ ತುಂಡು, ಬೆಣ್ಣೆಯಲ್ಲಿ ಕೆಂಪಗೆ ಹುರಿದ ಆಲೂಗಡ್ಡೆ, ಒಮ್ಮೆ ಟೋಪಿ ತುಂಬ ಕಾಡುಹಣ್ಣು. "ಗಾಡಿ ನೋಡ್ಕೊಂಡು ಹೋಗೋಣ ಅಂತ ಬಂದೆ" ಎನ್ನುತ್ತಿದ್ದ. ಆಮೇಲೆ ಗಾಡಿಯ ಕಡೆ ತಿರುಗಿಯೂ ನೋಡದೆ ಬ್ರಿನಾಳ ಕೆಲಸದ ಮೇಜಿನ ಪಕ್ಕ ಕೂತು ಮಾತಾಡುತ್ತಿದ್ದ. ಅವಳು ತಲೆ ಎತ್ತದೆ ಉತ್ತರ ಕೊಡುತ್ತಿದ್ದಳು. ತಲೆ ಎತ್ತಿದರೆ ಅವನ ಕಣ್ಣು ಸಿಗುತ್ತಿತ್ತು. ಸಿಕ್ಕರೆ ಕೈಯಲ್ಲಿದ್ದ ನಟ್ಟು ಯಾವ ಬೋಲ್ಟಿನದು ಎನ್ನುವುದೇ ಮರೆತುಹೋಗುತ್ತಿತ್ತು.

ಇವತ್ತು ಅವನು ಕೂರಲಿಲ್ಲ. ಮಂಡಿಯವರೆಗೆ ಕೆಸರು, ಹುಬ್ಬಿನ ಮೇಲೆ ಕರಗದ ಹಿಮ.

"ಗಾಡಿ ಬೇಕು," ಅಂದ. "ಈಗಲೇ."

"ಏನಾಯ್ತು?"

"ಸ್ಲಾವ್ಕಾ ಅತ್ತೆ ಬಿದ್ದಿದ್ದಾರೆ. ಹಾಲಿನ ಕ್ಯಾನ್ ಹಿಡ್ಕೊಂಡು ಮೆಟ್ಟಿಲು ಇಳಿಯೋವಾಗ ಜಾರಿ. ಕಾಲು ಮುರಿದಿದೆ. ಲೋವ್ರೊ ಫೋನ್ ಮಾಡಿದ್ದ. ಪಾದ ತಣ್ಣಗಾಗ್ತಾ ಇದೆಯಂತೆ, ಬೆರಳು ನೀಲಿಗಟ್ಟಿದೆಯಂತೆ."

ಸೋಚಾ ನದಿಯ ಮೇಲಿನ ಬೆಟ್ಟದ ಹುಲ್ಲುಗಾವಲಿನಲ್ಲಿ ಬೇಸಿಗೆಯಿಡೀ ಹಸುಗಳ ಜೊತೆ ಇದ್ದು ಚೀಸ್ ಮಾಡುವವರು ಮೂವರು. ಊರವರೆಲ್ಲ ಅತ್ತೆ ಎಂದೇ ಕರೆಯುವ ಸ್ಲಾವ್ಕಾ, ದನ ಕಾಯುವ ಮುದುಕ ಲೋವ್ರೊ, ಬೇರೆ ಕಣಿವೆಯಿಂದ ಬಂದು ಸ್ಲಾವ್ಕಾಳ ಕೈಕೆಳಗೆ ಕೆಲಸ ಕಲಿತ ತಿಲೆನ್. ಚೀಸ್ ಕೊಟ್ಟು ಬರಲು ಅವನು ನಿನ್ನೆ ಊರಿಗೆ ಇಳಿದಿದ್ದ. ರಾತ್ರಿ, ಯಾರೂ ಎಣಿಸದ ಹೊತ್ತಿನಲ್ಲಿ, ಸೆಪ್ಟೆಂಬರಿನಲ್ಲೇ ಹಿಮ ಬಿದ್ದಿತ್ತು.

"ಹೆಲಿಕಾಪ್ಟರ್?"

"ಮಂಜು ತೆರವಾಗೋವರೆಗೆ ಏಳಲ್ಲ ಅಂದ್ರು. ರಕ್ಷಣಾ ತಂಡದವರು ಆಚೆ ಬೆಟ್ಟದಲ್ಲಿದ್ದಾರೆ. ಪಕ್ಕದವರ ಟ್ರ್ಯಾಕ್ಟರ್ ತಗೊಂಡು ಹೋದೆ. ಎರಡನೇ ತಿರುವಲ್ಲೇ ಹೂತುಹೋಯ್ತು."

ಬ್ರಿನಾ ಗ್ಯಾರೇಜಿನ ಮೂಲೆ ನೋಡಿದಳು. ಹುಲ್ಲುಗಾವಲಿನವರು ರಿಪೇರಿಗೆ ಬಿಟ್ಟಿದ್ದ, ಹಿಂದಿನ ಯುಗೊಸ್ಲಾವ್ ಸೈನ್ಯದ ಆ ಹಸಿರು ಗಾಡಿ ಅವಳಿಗಿಂತ ಹಿರಿಯದು. ಹಿಂದಿನ ಎರಡೂ ಚಕ್ರಗಳನ್ನು ಬಿಗಿದು ಒಟ್ಟಿಗೆ ತಿರುಗಿಸುವ ಡಿಫರೆನ್ಷಿಯಲ್ ಲಾಕ್ ಕೆಲಸ ಮಾಡಿದರೆ ಅದು ಹತ್ತದ ಕೆಸರಿಲ್ಲ. ಮಾಡದಿದ್ದರೆ ಒಂದು ಚಕ್ರ ಜಾರಿ ಸುಮ್ಮನೆ ಸುತ್ತುತ್ತದೆ, ಗಾಡಿ ನಿಂತಲ್ಲೇ ನಿಲ್ಲುತ್ತದೆ. ಆ ಲಾಕನ್ನು ಎಣ್ಣೆಯ ಒತ್ತಡದಲ್ಲಿ ತಳ್ಳುವ ಪುಟ್ಟ ಸಿಲಿಂಡರ್ ಬಿಚ್ಚಿಕೊಂಡು ಮೇಜಿನ ಮೇಲೆ ಬಿದ್ದಿತ್ತು.

"ಸೀಲ್..." ಎಂದು ಶುರುಮಾಡಿದ ತಿಲೆನ್ ಅಲ್ಲಿಗೇ ನಿಲ್ಲಿಸಿದ.

ಬ್ರಿನಾ ಡ್ರಾಯರ್ ಎಳೆದು ಪುಟ್ಟ ಪೊಟ್ಟಣವೊಂದನ್ನು ತೆಗೆದಳು. ಹೊಸ ರಬ್ಬರ್ ಸೀಲುಗಳು. ಪೊಟ್ಟಣವನ್ನು ಆಗಲೇ ಒಮ್ಮೆ ಬಿಡಿಸಿ ಮತ್ತೆ ಮಡಚಿಟ್ಟದ್ದು ಯಾರಿಗಾದರೂ ಕಾಣುವಂತಿತ್ತು. ಅವಳ ಕಿವಿ ಬಿಸಿಯಾಯಿತು. ಅವನು ಏನೂ ಕೇಳಲಿಲ್ಲ. ಕೇಳಿದ್ದರೆ ಸುಲಭವಿತ್ತು.

"ಕೋಟು ತೆಗೀರಿ," ಅಂದಳು. "ನೀವೂ ಕೈ ಹಾಕ್ಬೇಕು."

ಪಿಸ್ಟನ್ ಮೇಲಿನ ತುಕ್ಕನ್ನು ನುಣ್ಣನೆಯ ಮರಳುಕಾಗದದಿಂದ ಉಜ್ಜಿದಳು. ಸೀಲಿಗೆ ಬ್ರೇಕ್ ಆಯಿಲ್ ಸವರಿ, ಅಂಚು ಮಡಚಿಕೊಳ್ಳದಂತೆ ಹೆಬ್ಬೆರಳಿನಿಂದ ಸುತ್ತಲೂ ಒತ್ತಿ ಕೂರಿಸಿದಳು. ಅವನ ಉಸಿರು ಹೆಗಲಿಗೆ ತಾಗುತ್ತಿತ್ತು. ಅವಳು ಇನ್ನೊಂದು ಸಲ ಅಂಚು ತಡವಿ ನೋಡಿದಳು.

ಸಿಲಿಂಡರನ್ನು ಹಿಂಚಕ್ರಗಳ ಆಕ್ಸೆಲಿಗೆ ಬಿಗಿದು, ಗಾಡಿಯ ಕೆಳಗೆ ಮಲಗಿದಳು. ಒಳಗಿನ ಗಾಳಿ ತೆಗೆಯಬೇಕಿತ್ತು. ಅವನು ಮೇಲೆ ಸೀಟಿನಲ್ಲಿ ಕೂತು ಲಾಕಿನ ಲಿವರ್ ಹಿಡಿದಿದ್ದ.

"ಎಳೀರಿ. ಹಿಡ್ಕೊಳ್ಳಿ. ಈಗ ಬಿಡಿ."

"ಮೆತ್ತಗಿದೆ."

"ಗಾಳಿ ಇದೆ ಇನ್ನೂ. ಎಳೀರಿ."

ಗುಳ್ಳೆಗಳು ನಿಂತು ಎಣ್ಣೆ ಶುದ್ಧವಾಗಿ ಬಂದಾಗ ಬ್ರಿನಾಳ ಕಣ್ಣು ಮೇಲಿನ ರಬ್ಬರ್ ಪೈಪಿನ ಮೇಲೆ ಬಿತ್ತು. ಮೈಯೆಲ್ಲ ಕೂದಲೆಳೆಯಂಥ ಬಿರುಕು.

"ಈ ಪೈಪೂ ಬದಲಾಯಿಸ್ಬೇಕು. ನನ್ನ ಹತ್ರ ಇಲ್ಲ."

"ತಡೆಯುತ್ತಾ?"

"ಗೊತ್ತಿಲ್ಲ. ಅದಕ್ಕೇ ನಾನೂ ಬರ್ತೀನಿ."

ತಿಲೆನ್ ಸ್ಟೇರಿಂಗ್ ಹಿಡಿದ, ಬ್ರಿನಾ ಪಕ್ಕದಲ್ಲಿ ಕೂತಳು. ಮಂಜಿನಲ್ಲಿ ರಸ್ತೆ ಗಾಡಿಯ ಮೂತಿಯಷ್ಟೇ ದೂರಕ್ಕೆ ಕಾಣುತ್ತಿತ್ತು. ಗುಡ್ಡ ಕುಸಿದು ಕೆಸರು ಹರಡಿದ್ದ ಜಾಗದಲ್ಲಿ ತಿಲೆನ್ ಲಿವರ್ ಎಳೆದ. ಲಾಕ್ ಬಿಗಿದದ್ದನ್ನು ತೋರಿಸುವ ಕೆಂಪು ದೀಪ ಹತ್ತಿತು. ಹಿಂದಿನ ಚಕ್ರಗಳೆರಡೂ ಒಟ್ಟಿಗೆ ಕಚ್ಚಿಕೊಂಡು ಗಾಡಿಯನ್ನು ದಾಟಿಸಿದವು. ಲಿವರ್ ಬಿಟ್ಟ ಮೇಲೆ ದೀಪ ಆರಲು ಒಂದು ಕ್ಷಣ ಹೆಚ್ಚೇ ಹಿಡಿಯಿತು. ಬ್ರಿನಾ ಅದನ್ನು ಗಮನಿಸಿದಳು.

"ಸೀಲ್ ಹೋದ ವಾರಾನೇ ಬಂದಿತ್ತು," ಅಂದಳು, ರಸ್ತೆಯನ್ನೇ ನೋಡುತ್ತ.

"ಗೊತ್ತು."

"ಹೇಗೆ?"

"ನಿಮ್ಮ ಬಾಗಿಲು ಹಾಕಿತ್ತು. ಪೋಸ್ಟಿನವಳು ಅದನ್ನ ನನ್ನ ಕೈಗೆ ಕೊಟ್ಟಳು. ಕಿಟಕಿಯಲ್ಲಿ ಇಟ್ಟು ಹೋದವನು ನಾನೇ."

"ಮತ್ತೆ ಯಾಕೆ ಕೇಳ್ಲಿಲ್ಲ?"

"ಗಾಡಿ ಸರಿಹೋದ್ರೆ ನಾನು ಏನು ಹೇಳ್ಕೊಂಡು ಬರ್ಲಿ ನಿಮ್ಮಲ್ಲಿಗೆ?"

ಈ ಮಾತಿಗಾಗಿ ಅವಳು ಬೇಸಿಗೆಯಿಡೀ ಕಾದಿದ್ದಳು. ಬಂದದ್ದು ಇಂಥ ಹೊತ್ತಿಗೆ. ಮೇಲೆ ಒಬ್ಬಳ ಬೆರಳು ನೀಲಿಗಟ್ಟುತ್ತಿತ್ತು, ಒಂದು ವಾರ ಮೊದಲೇ ಓಡಬಹುದಾಗಿದ್ದ ಗಾಡಿ ಈಗ ತೆವಳುತ್ತಿತ್ತು. ಗಾಡಿ ಬೆಟ್ಟದ ಮೇಲೆಯೇ ಇದ್ದಿದ್ದರೆ ಬಿದ್ದ ತಕ್ಷಣ ಲೋವ್ರೊ ಅವಳನ್ನು ಕೂರಿಸಿಕೊಂಡು ಇಳಿಯುತ್ತಿದ್ದ.

"ಆಕೆ ಕಾಲು ಹೋದ್ರೆ?" ಅಂದಳು.

"ಹೋದ್ರೆ ಇಬ್ಬರದ್ದೂ ತಪ್ಪು," ಅಂದ ತಿಲೆನ್. ಸ್ಟೇರಿಂಗ್ ಹಿಡಿದ ಅವನ ಬೆರಳ ಗೆಣ್ಣುಗಳು ಬಿಳಿಚಿದ್ದವು.

ಸ್ಲಾವ್ಕಾ ಒಲೆಯ ಪಕ್ಕ ಹಲಗೆಯ ಮೇಲೆ ಮಲಗಿದ್ದಳು. ಲೋವ್ರೊ ಎರಡು ಮರದ ಪಟ್ಟಿ ಇಟ್ಟು ಕಾಲು ಕಟ್ಟಿದ್ದ. ಅವಳ ಮುಖ ಬೂದಿಯಂತಾಗಿದ್ದರೂ ನಾಲಿಗೆ ಎಂದಿನಂತೆಯೇ ಇತ್ತು.

"ಬಂದ್ಯಾ? ನಾನು ಮುದುಕಿಯಾಗಿ ಸತ್ತಮೇಲೆ ಬರ್ತೀಯೇನೋ ಅಂದ್ಕೊಂಡಿದ್ದೆ. ಲೋವ್ರೊ, ಚೀಸ್ ಮಗುಚಿ ಹಾಕೋದು ಮರೀಬೇಡ."

ಹಲಗೆಯ ಸಮೇತ ಅವಳನ್ನು ಹಿಂದೆ ಹಾಕಿ, ಕಂಬಳಿ ಹೊದಿಸಿ, ಹೊರಟರು. ಲೋವ್ರೊ ಹಸುಗಳ ಜೊತೆ ಉಳಿದ.

ಇಳಿಯುವಾಗ ಅದೇ ಕುಸಿದ ಜಾಗ, ಮತ್ತೆ ಲಾಕ್. ಗಾಡಿ ಒದ್ದಾಡಿಕೊಂಡು ದಾಟಿತು. ತಿಲೆನ್ ಲಿವರ್ ಬಿಟ್ಟ.

ಕೆಂಪು ದೀಪ ಆರಲಿಲ್ಲ.

ಮುಂದೆಯೇ ತಿರುವಿತ್ತು. ಸ್ಟೇರಿಂಗ್ ಪೂರ್ತಿ ತಿರುಗಿಸಿದರೂ ಒಟ್ಟಿಗೆ ಬಿಗಿದುಕೊಂಡ ಹಿಂಚಕ್ರಗಳು ಗಾಡಿಯನ್ನು ಹಿಮದ ಮೇಲೆ ನೆಟ್ಟಗೆ ಅಂಚಿನ ಕಡೆಗೇ ತಳ್ಳಿದವು. ತಿಲೆನ್ ಬ್ರೇಕ್ ಮೇಲೆ ನಿಂತ. ಗಾಡಿ ಜಾರಿ, ಜಾರಿ, ನಿಂತಿತು. ಮುಂದಿನ ಗಾಜಿನಾಚೆ ರಸ್ತೆ ಇರಲಿಲ್ಲ, ಬರೀ ಮಂಜು.

"ನನಗೆ ಏನೂ ಹೇಳ್ಬೇಡಿ," ಹಿಂದಿನಿಂದ ಸ್ಲಾವ್ಕಾ ಅಂದಳು. "ಕಣ್ಣು ಮುಚ್ಕೊಂಡಿದ್ದೀನಿ."

ಬ್ರಿನಾ ಆಗಲೇ ಇಳಿದಿದ್ದಳು. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಸ್ಪ್ಯಾನರ್ ಹಿಡಿದು ಹಿಂದಿನಿಂದ ಕೆಳಗೆ ತೆವಳಿದಳು. ಬೆನ್ನಿಗೆ ಹಿಮ ಇಳಿಯಿತು. ಆ ಹಳೆಯ ಪೈಪೇ. ಒಳಗಿನ ರಬ್ಬರ್ ಊದಿಕೊಂಡು, ಲಿವರ್ ತಳ್ಳಿದ ಎಣ್ಣೆಯನ್ನು ಸಿಲಿಂಡರಿಗೆ ಬಿಟ್ಟಿತ್ತು, ವಾಪಸ್ ಬರಲು ಬಿಡುತ್ತಿರಲಿಲ್ಲ.

"ತಿಲೆನ್, ಕಾಲು ತೆಗೀಬೇಡ. ನಾನು ಹೇಳೋವರೆಗೂ ಬ್ರೇಕ್ ಬಿಡ್ಬೇಡ."

"ಬಿಡಲ್ಲ. ಬೇಗ ಹೊರಗೆ ಬಾ."

ಗಾಳಿ ತೆಗೆಯುವ ಸ್ಕ್ರೂ ಅರ್ಧ ಸುತ್ತು ಬಿಚ್ಚಿದಳು. ಎಣ್ಣೆ ಚಿಮ್ಮಿ ಕೆನ್ನೆಗೆ ಬಡಿಯಿತು. ಒತ್ತಡ ಇಳಿಯಿತು, ಆದರೆ ಲಾಕ್ ಬಿಡಲಿಲ್ಲ. ಅದರ ಹಲ್ಲುಗಳು ಭಾರಕ್ಕೆ ಕಚ್ಚಿಕೊಂಡಿದ್ದವು. ಅವಳು ಹೊರಗೆ ತೆವಳಿ ಬಂದು ಅವನ ಕಿಟಕಿಗೆ ಮುಖ ಕೊಟ್ಟಳು.

"ಒಂದು ಗೇಣು ಹಿಂದಕ್ಕೆ ತಗೋ. ಅಷ್ಟೇ. ಹೆಚ್ಚು ರೇಸ್ ಮಾಡಿದ್ರೆ ಬಾಲ ಜಾರುತ್ತೆ."

"ನೀನು ದೂರ ನಿಂತ್ಕೋ."

"ನಿಂತಿದ್ದೀನಿ."

"ಅಲ್ಲಿ ಅಲ್ಲ, ಬಂಡೆ ಕಡೆ. ನಿನ್ನನ್ನ ನೋಡ್ತಾ ಇದ್ರೆ ನನ್ನ ಕೈ ಸರಿಯಾಗಿ ಓಡಲ್ಲ."

ಅವಳು ಬಂಡೆಗೆ ಒರಗಿದಳು. ಇಂಜಿನ್ ಮೆಲ್ಲಗೆ ಗುರುಗುಟ್ಟಿತು. ಚಕ್ರ ಒಮ್ಮೆ ಜಾರಿತು, ಹಿಡಿಯಿತು, ಗಾಡಿ ಹಿಂದಕ್ಕೆ ಸರಿಯಿತು. ಆಕ್ಸೆಲಿನೊಳಗೆ ಟಕ್ ಎಂದಿತು. ದೀಪ ಆರಿತು.

ಬ್ರಿನಾ ಮತ್ತೆ ಕೆಳಗೆ ನುಗ್ಗಿ ಸ್ಕ್ರೂ ಬಿಗಿದು ಬಂದು ಸೀಟಿನಲ್ಲಿ ಕೂತಳು. ತಿಲೆನ್ ತನ್ನ ತೋಳಿನಿಂದ ಅವಳ ಕೆನ್ನೆಯ ಎಣ್ಣೆ ಒರೆಸಿದ. ಒರೆಸಿದ ಮೇಲೂ ಕೈ ತಕ್ಷಣ ತೆಗೆಯಲಿಲ್ಲ.

"ಅಂತೂ ಆ 'ನೀವು' ಹೋಯ್ತು," ಹಿಂದಿನಿಂದ ದನಿ ಬಂತು. "ಅದಕ್ಕೆ ನನ್ನ ಕಾಲು ಮುರೀಬೇಕಾಯ್ತು."

ಬ್ರಿನಾ ಹಿಂದಕ್ಕೆ ತಿರುಗಿದಳು. "ಅತ್ತೆ, ಈ ಗಾಡಿ ಹೋದ ವಾರಾನೇ ಸರಿಯಾಗ್ಬೋದಿತ್ತು. ನಾನೇ ಬೇಕಂತ ತಡ ಮಾಡಿದೆ."

"ನಾನೂ," ಅಂದ ತಿಲೆನ್.

ಸ್ಲಾವ್ಕಾ ಕಂಬಳಿಯನ್ನು ಎದೆಯವರೆಗೆ ಎಳೆದುಕೊಂಡಳು. ಸಿಟ್ಟು ಇತ್ತು ದನಿಯಲ್ಲಿ, ಅವಳು ಅದನ್ನು ಮುಚ್ಚಿಡಲೂ ಇಲ್ಲ.

"ಡಾಕ್ಟರು ಕಾಲು ಕತ್ತರಿಸಿದ್ರೆ ನಿಮ್ಮಿಬ್ಬರನ್ನೂ ಸುಮ್ನೆ ಬಿಡಲ್ಲ. ಉಳಿಸಿದ್ರೆ ಯೋಚ್ನೆ ಮಾಡ್ತೀನಿ. ಈಗ ಓಡಿಸು, ಮಾರಾಯ, ನೋಯ್ತಾ ಇದೆ."

ಸೇತುವೆಯ ಹತ್ತಿರ ಆಂಬುಲೆನ್ಸ್ ಕಾದಿತ್ತು. ವೈದ್ಯೆ ಕಾಲನ್ನು ನೆಟ್ಟಗೆಳೆದು ಮತ್ತೆ ಕಟ್ಟಿದಳು. ಸ್ಲಾವ್ಕಾ ಕೂಗಲಿಲ್ಲ, ಬ್ರಿನಾಳ ಮಣಿಕಟ್ಟನ್ನು ಉಗುರು ನೆಡುವಂತೆ ಹಿಡಿದಿದ್ದಳು. ವೈದ್ಯೆ ಕಾಲಿನ ಹೆಬ್ಬೆರಳು ಒತ್ತಿ ನೋಡಿದಳು. ಇನ್ನೊಮ್ಮೆ ಒತ್ತಿದಳು. ಬಿಳಿಚಿದ ಚರ್ಮಕ್ಕೆ ನಿಧಾನವಾಗಿ ಕೆಂಪು ಮರಳಿತು.

"ರಕ್ತ ಹೋಗ್ತಾ ಇದೆ," ಅಂದಳು. "ಪಾದ ಉಳಿಯುತ್ತೆ."

ಬಾಗಿಲು ಮುಚ್ಚುವ ಮೊದಲು ಸ್ಲಾವ್ಕಾ ತಿಲೆನ್‌ಗೆ ಬೆರಳು ತೋರಿಸಿದಳು. "ಸಂಜೆ ಹಾಲು ಕರೆಯೋರು ಯಾರು? ಲೋವ್ರೊ ಒಬ್ಬನ ಕೈಲಾಗಲ್ಲ."

ಆಂಬುಲೆನ್ಸ್ ಹೋಯಿತು. ಮಂಜು ಸ್ವಲ್ಪ ತೆಳುವಾಗಿತ್ತು. ನದಿಯ ಸದ್ದು ಕೇಳುತ್ತಿತ್ತು.

"ಪೈಪ್ ಬರೋವರೆಗೆ ಗಾಡಿ ಬೆಟ್ಟ ಹತ್ತೋ ಹಾಗಿಲ್ಲ," ಅಂದಳು ಬ್ರಿನಾ.

"ನಡ್ಕೊಂಡು ಹೋಗ್ತೀನಿ. ಈಗ ಹೊರಟ್ರೆ ಬೆಳಕಿರೋವಾಗ್ಲೇ ತಲುಪ್ತೀನಿ."

ಅವನು ಕಾಲರ್ ಮೇಲೆತ್ತಿ ಎರಡು ಹೆಜ್ಜೆ ಹಾಕಿದ. ಬ್ರಿನಾ ಗಾಡಿಯ ಕೀಲಿ ಜೇಬಿಗೆ ಹಾಕಿಕೊಂಡು ಅವನ ಪಕ್ಕ ಬಂದಳು.

"ನೀನೆಲ್ಲಿಗೆ?"

"ನಾನೂ ಬರ್ತೀನಿ."

"ಗಾಡಿ ಇಲ್ಲೇ ಇದೆಯಲ್ಲ."

"ಗಾಡಿಗೋಸ್ಕರ ಅಲ್ಲ, ತಿಲೆನ್."

ಅವನು ನಿಂತ. ಅವಳು ಈ ಸಲ ತಲೆ ತಗ್ಗಿಸಲಿಲ್ಲ. ಅವನ ಕಣ್ಣು ಸಿಕ್ಕಿತು. ಅದನ್ನು ಹಾಗೇ ಹಿಡಿದುಕೊಂಡಳು, ಅವನೇ ನಾಚಿ ಬೆಟ್ಟದ ಕಡೆ ತಿರುಗುವವರೆಗೂ.

"ಹಾಲು ಕರೆಯೋಕೆ ಬರುತ್ತಾ?"

"ಇಲ್ಲ."

"ಹೊಸಬರನ್ನ ಒದೀತಾವೆ."

"ಒದೀಲಿ."

ತಿಲೆನ್ ಆ ದಿನ ಮೊದಲ ಸಲ ನಕ್ಕ. ಮೊದಲ ಏರಿನಲ್ಲಿ ಹಿಮ ಜಾರುತ್ತಿತ್ತು. ಅವನು ಕೈ ಚಾಚಿದ, ಅವಳು ಹಿಡಿದಳು. ಏರು ಮುಗಿದು ದಾರಿ ಸಮತಟ್ಟಾದ ಮೇಲೂ ಇಬ್ಬರೂ ಕೈ ಬಿಡಲಿಲ್ಲ.