ಕೈ ಎತ್ತದ ಹುಡುಗ

೧೯೭೯ರ ನವೆಂಬರ್ ೧೨, ಬೆಳಿಗ್ಗೆ ಹತ್ತೂವರೆ. ಸವಳಂಗದ ಸಾವಂತ್ರಮ್ಮ ನ್ಯಾಮತಿ ಠಾಣೆಗೆ ಬಂದು, ತನ್ನ ಹದಿನಾರು ವರ್ಷದ ಮಗ ಬೀರಲಿಂಗನಿಗೆ ಬಂಗಾರಪ್ಪ ಪೈಲ್ವಾನ್ ಹೊಡೆದು ಹಲ್ಲು ಮುರಿದಿದ್ದಾನೆಂದು ದೂರು ಕೊಟ್ಟಳು. ಒಂದೇ ತಿಂಗಳಲ್ಲಿ ಹುಡುಗ ಏಟು ತಿಂದದ್ದು ಇದು ಮೂರನೇ ಸಲ.

"ಅವನ್ನ ಒಳಗೆ ಹಾಕ್ರಿ ಸಾಹೇಬ್ರೆ. ಮಕ್ಕಳಲ್ಲಿ ನಂಗೆ ಉಳಿದಿರೋನು ಇವನೊಬ್ಬನೇ."

ಸಬ್ ಇನ್ಸ್‌ಪೆಕ್ಟರ್ ಜಯದೇವಪ್ಪ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಗಿಡ್ಡಪ್ಪನ ಜೊತೆ ಸವಳಂಗದ ಬಸ್ ಹತ್ತಿದರು. ಠಾಣೆಗೂ ಒಂದು ಜೀಪಿತ್ತು. ಅದು ಓಡಿದ್ದನ್ನು ಕಂಡವರು ಮಾತ್ರ ಕಡಿಮೆ.

ಗರಡಿಮನೆಯ ಮುಂದೆ ಪಂಚನಾಮೆ ಮುಗಿಯಿತು. ಬಂಗಾರಪ್ಪ ಏನನ್ನೂ ಮುಚ್ಚಿಡಲಿಲ್ಲ.

"ಹೊಡೆದೆಯೇನಯ್ಯ?"

"ಹೊಡೆದೆ ಸಾರ್. ಎಲ್ಲರ ಮುಂದೆ ನಮ್ಮಪ್ಪನ್ನ ಬೈದ."

"ತಿರುಗಿ ಹೊಡೆದನಾ?"

"ಇಲ್ರಿ, ಕೈನೇ ಎತ್ತಲಿಲ್ಲ. ಮುಖ ಮುಂದೆ ಮಾಡಿ, ಇನ್ನೂ ಹೊಡಿ ಅಂದ. ನಂಗೇ ಹೆದರಿಕೆ ಆತು. ಹೊತ್ಕೊಂಡು ದವಾಖಾನೆಗೆ ಓಡಿದೆ."

ಹಿಂದೆ ಹೊಡೆದಿದ್ದ ಲಾರಿ ಡ್ರೈವರ್ ಮತ್ತು ಹಮಾಲಿಯೂ ಇದನ್ನೇ ಹೇಳಿದರು. ಹುಡುಗ ತನಗಿಂತ ಗಟ್ಟಿ ಆಳುಗಳನ್ನೇ ಹುಡುಕಿ ಕೆಣಕಿದ್ದ. ಗೆಲ್ಲಲು ಜಗಳ ತೆಗೆಯುವವರನ್ನು ಜಯದೇವಪ್ಪ ಬೇಕಾದಷ್ಟು ಕಂಡಿದ್ದರು. ಏಟು ತಿನ್ನಲೆಂದೇ ತೆಗೆಯುವವನು ಇವನೇ ಮೊದಲು.

ಸಂಜೆ ನಾಲ್ಕಕ್ಕೆ ಅವರು ಹುಡುಗನ ಮನೆಯಲ್ಲಿ ಕೂತಿದ್ದರು.

"ಯಾಕಪ್ಪ ಏಟು ಹುಡುಕ್ಕೊಂಡು ಹೋಗ್ತೀಯ?"

ಬೀರಲಿಂಗ ನೆಲ ನೋಡುತ್ತಲೇ ಹೇಳಿದ. "ತಂಗಿಗೆ ಜ್ವರ ಬಂದಾಗ ಔಷಧಿ ತರಾಕೆ ಹೊನ್ನಾಳಿಗೆ ಕಳಿಸಿದ್ರು. ಕಬಡ್ಡಿ ನೋಡ್ತಾ ನಿಂತು ಬಸ್ ತಪ್ಪಿಸ್ಕೊಂಡೆ. ಅವಳು ಹೋಗಿಬಿಟ್ಲು. ಮನೇಲಿ ಯಾರೂ ಒಂದು ಮಾತು ಬೈಲಿಲ್ಲ ಸಾರ್. ಒಬ್ರೂ ಹೊಡೀಲಿಲ್ಲ."

ಬಾಗಿಲಲ್ಲಿದ್ದ ಸಾವಂತ್ರಮ್ಮ ಬಂದು ಮಗನ ಪಕ್ಕ ಕೂತಳು. "ಔಷಧಿ ಬಂದಿದ್ರೂ ಉಳೀತಿರಲಿಲ್ಲ ಅಂತ ಡಾಕ್ಟ್ರು ಅವತ್ತೇ ಅಂದಿದ್ರು ಕಣಪ್ಪ. ಅವಳ ಹೆಸರು ಎತ್ತಿದ್ರೆ ನಿಂಗೆ ನೋವಾಗ್ತೈತೆ ಅಂತ ನಾವು ಸುಮ್ಮನಿದ್ವಿ."

ತಂಗಿ ತೀರಿದ ಮೇಲೆ ಹುಡುಗ ಮೊದಲ ಸಲ ಅತ್ತದ್ದು ಆಗ. ಅವನನ್ನು ಡಾಕ್ಟರಿಗೆ ತೋರಿಸುವ, ಆಗಾಗ ಬಂದು ಮಾತಾಡಿಸುವ ಕೆಲಸವನ್ನು ಗಿಡ್ಡಪ್ಪ ತಾನಾಗಿ ವಹಿಸಿಕೊಂಡ.

ಹಲ್ಲು ಮುರಿದದ್ದಂತೂ ನಿಜ. ಆ ಸಂಜೆಯೇ ಬಂಗಾರಪ್ಪನನ್ನು ದಸ್ತಗಿರಿ ಮಾಡಿ ಠಾಣೆಗೆ ತಂದರು. ಠಾಣೆಯಲ್ಲೇ ಜಾಮೀನು ಸಿಗುವ ಕೇಸು.

"ಜಾಮೀನಿಗೆ ಯಾರಿದ್ದಾರೆ?"

"ನಾನಿದೀನ್ರಿ," ಎಂದು, ಮಗನ ಜೊತೆ ಅವರ ಹಿಂದೆಯೇ ಇನ್ನೊಂದು ಬಸ್ಸಿನಲ್ಲಿ ಬಂದಿದ್ದ ಸಾವಂತ್ರಮ್ಮ ಮುಂದೆ ಬಂದಳು.

"ದೂರು ಕೊಟ್ಟೋರು ನೀವೇ ಅಲ್ವೇನಮ್ಮ?"

"ಹೌದ್ರಿ. ಆದ್ರೆ ನನ್ನ ಮಗ ಇನ್ನೂ ಹೊಡಿ ಅಂದಾಗ ಈ ಬಂಗಾರಪ್ಪನ ಕೈ ನಿಂತುಬಿಡ್ತಲ್ಲ. ಆ ಕೈಗೆ ನಾನು ಜಾಮೀನು."

ಜಯದೇವಪ್ಪ ಕಾಗದ ಮುಂದಿಟ್ಟು, ಹೆಬ್ಬೆಟ್ಟಿಗೆ ಶಾಯಿಯ ಪೆಟ್ಟಿಗೆ ತೆರೆದರು.