ಗಾರೆಯಿಲ್ಲದ ಅಂಚು

ಚಿದಂಬರ ತನ್ನ ಮನೆಯ ಪಕ್ಕದ ಗೋಡೆಯ ಬುಡದಲ್ಲಿ ಬೋರಲು ಬಿದ್ದಿದ್ದ. ತಲೆ ಒಡೆದಿತ್ತು. ಪಕ್ಕದಲ್ಲಿ ಎರಡು ಹೋಳಾದ ಹೆಂಚು, ಸುತ್ತ ಸಿಮೆಂಟ್ ಗಾರೆಯ ಚೂರುಗಳು. ಬೆಳಿಗ್ಗೆ ಮೊದಲು ನೋಡಿದ್ದು ಹಾಲಿನವನು.

ಬೋಪಣ್ಣ ಬಂದಾಗ ಪೊಲೀಸರು ಆಗಲೇ ಬರೆದುಕೊಳ್ಳುತ್ತಿದ್ದರು. ಮಿಲಿಟರಿ ಪೊಲೀಸಿನಿಂದ ನಿವೃತ್ತನಾದವನಿಗೆ ಹೆಣ ಹೊಸದೇನಲ್ಲ. ಆದರೆ ಮರಾಠಿ ಸೀಮೆಯ ಈ ಕಾಮಠಿಯಲ್ಲಿ ಅವನು ಕನ್ನಡ ಆಡುತ್ತಿದ್ದದ್ದು ಈ ಒಬ್ಬನ ಜೊತೆ, ಅದೂ ಈಚೆಗೆ ಫೋನಿನಲ್ಲೇ. ಇನ್ನು ಯಾರ ಹತ್ತಿರ ಮಾತಾಡಲಿ ಅನ್ನಿಸಿತು.

“ನಿನ್ನೆ ಸಂಜೆ ಬಿರುಗಾಳಿ. ಚಾವಣಿ ಅಂಚಿನ ಗಾರೆ ಬಿಟ್ಟು ಹೆಂಚು ಜಾರಿದೆ,” ಎಂದ ಇನ್ಸ್‌ಪೆಕ್ಟರ್ ವಾಂಖೆಡೆ. “ಚಾವಣಿ ರಿಪೇರಿ ಮಾಡಿದ ಉದಯ್‌ನನ್ನ ಎಳೆದು ತಂದಿದ್ದೀನಿ. ಒಳಗೆ ಹಾಕ್ತೀನಿ.”

ಜೀಪಿನ ಪಕ್ಕ ಉದಯ್ ಗೋಗರೆಯುತ್ತಿದ್ದ. “ಸಾಹೇಬ್, ಅಲ್ಲಿ ನಾನು ಗಾರೆ ಹಾಕೇ ಇಲ್ಲ!”

“ಮತ್ತೆ ಇದೇನು, ಕಡಲೆಪುರಿನಾ?” ವಾಂಖೆಡೆ ಚೂರುಗಳತ್ತ ಕೈ ತೋರಿಸಿದ.

ಸತ್ತವನ ತಮ್ಮ ಜಯಂತ ಹಿಂಗಣಾದಿಂದ ಸ್ಕೂಟರಿನಲ್ಲಿ ಆಗಷ್ಟೇ ಬಂದಿದ್ದ. ಮನೆ ಮಾರು ಎಂದು ಅಣ್ಣನ ಜೀವ ತಿಂದವನು, ಈಗ ಕಣ್ಣೊರೆಸಿಕೊಂಡ.

“ಪ್ರತಿ ಭಾನುವಾರ ಬರ್ತೀನಿ, ಬೋಪಣ್ಣೋರೇ. ಮೊನ್ನೆ ಭಾನುವಾರಾನೂ ಹೇಳ್ದೆ, ಅಣ್ಣ, ಆ ಅಂಚಿನ ಗಾರೆ ಉದುರ್ತಾ ಇದೆ, ಜಲ್ದಿ ಸರಿಮಾಡ್ಸು ಅಂತ. ಕೇಳಿದ್ರೆ ತಾನೆ!”

ಬೋಪಣ್ಣ ಮೇಲೆ ನೋಡಿದ. ಬೇವಿನ ಕೊಂಬೆ ಕವಿದು ಅಂಚು ಕಾಣುತ್ತಿರಲಿಲ್ಲ.

“ಏಣಿ ತಗೊಂಡು ಬನ್ನಿ.”

* * *

ಮಂಡಿನೋವಿಗೆ ಬೈಯುತ್ತಲೇ ಹತ್ತಿ ಕೊಂಬೆ ಸರಿಸಿದ. ನೆತ್ತಿಯಿಂದ ಸೂರಿನವರೆಗೂ ಅಂಚಿಗೆ, ಹೆಂಚಿನ ತುದಿ ಮುಚ್ಚುವ ಬೂದುಬಣ್ಣದ ಪ್ಲಾಸ್ಟಿಕ್ ಟೋಪಿಗಳು. ಒಂದಕ್ಕೊಂದು ಕಚ್ಚಿಕೊಂಡಿವೆ, ಒಂದೊಂದಕ್ಕೂ ಸ್ಕ್ರೂ. ಗಾರೆಯ ಒಂದು ಹರಳೂ ಇಲ್ಲ. ಅಷ್ಟೂ ಹೆಂಚು ಜಾಗದಲ್ಲೇ ಇವೆ. ಕೆಳಗೆ ಹಿತ್ತಲಲ್ಲಿ ಹಳೇ ಹೆಂಚಿನ ಒಂದು ರಾಶಿ ಕಂಡಿತು.

“ಇಲ್ಲಿನ ಬಿಸಿಲಿಗೆ ಗಾರೆ ಸೀಳುತ್ತೆ ಸಾಹೇಬ್, ಆಮೇಲೆ ಮಳೆ ಇಳಿಯುತ್ತೆ, ಗಾಳಿ ಹೆಂಚು ಎತ್ತುತ್ತೆ,” ಕೆಳಗಿನಿಂದ ಉದಯ್ ಕೂಗಿದ. “ಅದಕ್ಕೇ ಮಾರ್ಚ್‌ನಲ್ಲಿ ಗಾರೆಯೆಲ್ಲಾ ಕಿತ್ತೆಸೆದು ಟೋಪಿ ಹಾಕಿದೆ!”

ಬೋಪಣ್ಣ ಇಳಿದು ಬಂದ.

“ಜಯಂತ, ಈ ಗಾರೆ ಎಲ್ಲಿಂದ ತಂದೆ?”

“ಏನ್... ಏನ್ ಮಾತು ಇದು?”

“ಮೇಲಿಂದ ಒಂದು ಹೆಂಚೂ ಬಿದ್ದಿಲ್ಲ. ಈ ಹೆಂಚು ಹಿತ್ತಲಿನ ಹಳೇ ರಾಶೀದು. ಗಾರೆ ಚೆಲ್ಲಿದವನಿಗೆ ಹಳೇ ಅಂಚು ನೆನಪಿತ್ತು, ಹೊಸದು ಗೊತ್ತೇ ಇರ್ಲಿಲ್ಲ. ಮಾರ್ಚ್‌ನಲ್ಲೇ ಹೋದ ಗಾರೆ ಮೊನ್ನೆ ಭಾನುವಾರ ನಿನ್ನ ಕಣ್ಣಿಗೆ ಹೇಗಪ್ಪಾ ಬಿತ್ತು?”

ವಾಂಖೆಡೆ ಸ್ಕೂಟರಿನ ಡಿಕ್ಕಿ ತೆಗೆಸಿದ. ಒಂದು ಚೀಲ, ತಳದಲ್ಲಿ ಅದೇ ಗಾರೆಯ ಚೂರು.

ಜಯಂತ ಸ್ಕೂಟರಿನ ಕೀಲಿಯನ್ನ ವಾಂಖೆಡೆಯ ಕೈಗಿಟ್ಟ. “ಎರಡು ವರ್ಷದಿಂದ ಫೋನಲ್ಲೇ ಬೇಡಿಕೊಂಡೆ, ಮಾರಲ್ಲ ಅಂದ. ಇಂಥ ಗಾಳಿಗೇ ಕಾಯ್ತಿದ್ದೆ. ಎರಡು ವರ್ಷದ ಮೇಲೆ ನಿನ್ನೆ ಬಂದಿದ್ದು. ಬಾಗಿಲು ತೆಗೆದವನು ಊಟ ಆಯ್ತೇನೋ ಅಂದ.”

* * *

ಜೀಪು ಹೋಯಿತು. ಉದಯ್ ಕೈಮುಗಿದ. “ಚಿದಂಬರ ಸಾಹೇಬ್ರಿಗೆ ಆ ಅಂಚು ಯಾರಿಗಾದ್ರೂ ತೋರಿಸ್ಬೇಕು ಅಂತ ಬಹಳ ಆಸೆ ಇತ್ತು.”

ಬೋಪಣ್ಣ ಫೋನು ತೆಗೆದ. ಮಾರ್ಚ್‌ನಿಂದ ಚಿದಂಬರನ ಮೂರು ಧ್ವನಿ ಸಂದೇಶ. ಕೊನೆಯದನ್ನು ಒತ್ತಿದ.

“ಬೋಪಣ್ಣ, ಮನೆಗೊಂದು ಹೊಸ ಕೆಲಸ ಮಾಡ್ಸಿದೀನಿ ಕಣೋ. ಏನು ಅಂತ ಫೋನಲ್ಲಿ ಹೇಳಲ್ಲ, ಬಂದು ನೋಡು. ಕಾಫಿ ಮಾಡ್ತೀನಿ.”

ಮೂರಕ್ಕೂ ಬೋಪಣ್ಣ ಒಂದೇ ಉತ್ತರ ಬರೆದಿದ್ದ: ಮುಂದಿನ ವಾರ. ಬೋಪಣ್ಣನ ಮನೆ ಇಲ್ಲಿಂದ ಎರಡೇ ಬೀದಿ ಆಚೆಗಿತ್ತು. ನಿನ್ನೆ ಯಾರಾದರೂ ಕೇಳಿದ್ದರೆ, ಆ ಅಂಚಿನಲ್ಲಿ ಗಾರೆಯಿದೆ ಎಂದೇ ಅವನೂ ಹೇಳುತ್ತಿದ್ದ.