ಹೊನೋರಾಳ ಒಲೆಯ ಕೆಂಡ

ಮುತ್ತಜ್ಜಿ ಹೊನೋರಾಳ ಮನೆ ಹುಡುಕುತ್ತ ನಾನು ಬಾಸ್ಟನ್ನಿನಿಂದ ಐರ್ಲೆಂಡಿನ ಮೇಯೋಗೆ ಒಬ್ಬಳೇ ಬಂದಿದ್ದೆ. ಚರ್ಚಿನ ದಾಖಲೆಯಲ್ಲಿ ಆಕೆಗೊಬ್ಬ ಪುಟ್ಟ ತಂಗಿಯಿದ್ದಳು. ಬಾಸ್ಟನ್ನಿಗೆ ವಲಸೆ ಹೊರಟ ಆ ಸಂಸಾರ ಹತ್ತಿದ ಹಡಗಿನ ಪಟ್ಟಿಯಲ್ಲಿ ಆ ಮಗುವಿನ ಹೆಸರಿರಲಿಲ್ಲ.

ನಾನು ಯಾರೆಂದು ಹೇಳುತ್ತಲೇ ನೆರೆಮನೆಯ ಮುದುಕಿ ಸಬೀನಾ ಬಾಗಿಲಲ್ಲೇ ನಕ್ಕಳು. "ಅಂತೂ ಬಂದ್ಯಲ್ಲ ತಾಯಿ! ಊರು ಬಿಡೋ ದಿನ ನಿಮ್ಮೋರು ಒಲೆ ಕೆಂಡ ತಂದು ನಮ್ಮ ಒಲೇಲಿ ಇಟ್ಟು ಹೋದ್ರು, ವಾಪಸ್ ಬರೋವರ್ಗೂ ಆರಬಾರ್ದು ಅಂತ. ನಮ್ಮಜ್ಜಿ, ಅಮ್ಮ, ನಾನು, ಯಾರೂ ಆರೋಕೆ ಬಿಡ್ಲಿಲ್ಲ. ಬೆಳಿಗ್ಗೆ ನಿಮ್ಮ ಹುಡುಗಿ ಕೇಳಿದ್ಲು, ಕೊಟ್ಟೆ."

"ಯಾವ ಹುಡುಗಿ?"

"ಬರಿಗಾಲಲ್ಲಿ ಬಂದಿತ್ತಲ್ಲ, ಅದೇ. ಈ ಚಳೀಲಿ ಮಗೂಗೆ ಒಂದು ಬೂಟು ಹಾಕಬಾರ್ದಾ?"

ನಾನು ಪಕ್ಕದ ಆ ಹಳೇ ಮನೆಗೆ ಓಡಿದೆ. ಹೊನೋರಾಳ ಮನೆಗೆ ಸೂರಿರಲಿಲ್ಲ, ಒಳಗೆಲ್ಲ ಮೊಣಕಾಲುದ್ದದ ಹುಲ್ಲು. ಒಲೆಗಲ್ಲು ಮುಟ್ಟಿದೆ, ಕೈ ಚುರ್ರೆಂದಿತು. ಅದರೆದುರು ಒಂದು ಮಗು ಕೂರುವಷ್ಟು ಜಾಗದಲ್ಲಿ ಹುಲ್ಲು ನೆಲಕ್ಕೊತ್ತಿಕೊಂಡಿತ್ತು. ನಾನು ನೋಡುತ್ತಿದ್ದಂತೆಯೇ ಆ ಹುಲ್ಲು ಮೆಲ್ಲಗೆ ಮೇಲೆದ್ದಿತು.